ಒರೆಸೋ ಮುಂಚೆ ಒಂದ್ ನಿಮಿಷ: ಕ್ಯಾಮೆರಾ ಧೂಳಿನ ಇತಿಹಾಸ

ಇವತ್ತಿನ ಎಪಿಸೋಡನ್ನ ಒಂದು ಹಳೇ ಫೋಟೊದಿಂದ ಶುರು ಮಾಡೋಣ. 1838ರಲ್ಲಿ ಪ್ಯಾರಿಸ್‌ನಲ್ಲಿ ಲೂಯಿ ಡಾಗೇರ್ ತನ್ನ ಕಿಟಕಿಯಿಂದ ಕೆಳಗಿನ ರಸ್ತೆಯ ಚಿತ್ರ ತೆಗೆದ. ಫಿಲ್ಮ್ ಇನ್ನೂ ಹುಟ್ಟಿರಲಿಲ್ಲ. ಆತ ಬಳಸಿದ್ದು ಬೆಳ್ಳಿ ಲೇಪಿಸಿದ ತಾಮ್ರದ ತಗಡು. ಬೆಳಕು ಬಿದ್ದು ಚಿತ್ರ ಮೂಡೋಕೆ ಹಲವು ನಿಮಿಷ ಬೇಕಿತ್ತು. ಹಾಗಾಗಿ ಬೀದಿಯಲ್ಲಿ ಓಡಾಡ್ತಿದ್ದ ಗಾಡಿ, ಕುದುರೆ, ಜನ ಯಾರೂ ಚಿತ್ರದಲ್ಲಿ ಉಳಿಯಲಿಲ್ಲ. ಮೂಲೆಯಲ್ಲಿ ಕಾಲು ಮುಂದಿಟ್ಟು, ಬೂಟು ಪಾಲಿಶ್ ಮಾಡಿಸಿಕೊಳ್ತಾ ಅಲುಗಾಡದೆ ನಿಂತಿದ್ದ ಒಬ್ಬ ಮಾತ್ರ ಉಳಿದ. ಫೋಟೊದಲ್ಲಿ ಕಾಣಿಸಿಕೊಂಡ ಮೊದಲ ಮನುಷ್ಯ ಅಂತ ಸಾಮಾನ್ಯವಾಗಿ ಇವನನ್ನೇ ಹೇಳ್ತಾರೆ.

ಆ ತಗಡು ಬವೇರಿಯಾದ ರಾಜನಿಗೆ ಉಡುಗೊರೆಯಾಗಿ ಹೋಗಿ ಮ್ಯೂನಿಕ್ ಸೇರಿತು. 20ನೇ ಶತಮಾನದಲ್ಲಿ ಅದನ್ನ ಸ್ವಚ್ಛ ಮಾಡೋಕೆ ಹೋದಾಗ ಚಿತ್ರವೇ ಬಹುಪಾಲು ಹಾಳಾಯ್ತು. ಇವತ್ತು ನಾವು ಮೊಬೈಲಲ್ಲಿ ಅದನ್ನ ನೋಡೋಕೆ ಆಗ್ತಿರೋದು, ಅದಕ್ಕೂ ಮುಂಚೆ ಯಾರೋ ತೆಗೆದಿಟ್ಟಿದ್ದ ನಕಲಿನ ಪುಣ್ಯ. ಬೂಟು ಒರೆಸಿಸಿಕೊಂಡಿದ್ದಕ್ಕೆ ಇತಿಹಾಸ ಸೇರಿದ ಮನುಷ್ಯ, ತಗಡು ಒರೆಸಿದ್ದಕ್ಕೆ ಅಳಿಸಿಹೋದ.

ಈ ವಿಷಯ ಯಾಕೆ ತಗೊಂಡೆ ಅಂದ್ರೆ, ನಿಮ್ಮಲ್ಲಿ ಸುಮಾರು ಜನ ಮೆಸೇಜ್ ಮಾಡಿ ಕೇಳಿದ್ದು ಒಂದೇ ಪ್ರಶ್ನೆ: "ಸೆಕೆಂಡ್ ಹ್ಯಾಂಡ್ ಡಿಎಸ್‌ಎಲ್‌ಆರ್ ತಗೊಂಡಿದೀನಿ, ಮನೇಲೇ ಕ್ಲೀನ್ ಮಾಡ್ಕೋಬಹುದಾ?" ಮಾಡ್ಕೋಬಹುದು. ಆದರೆ ಹೇಗೆ ಅಂತ ಹುಡುಕ್ತಾ ಹೋದರೆ ಸಿಗೋ ನಿಯಮ ಒಂದೊಂದಕ್ಕೂ ಹಿಂದೆ ಒಂದು ಕಥೆ ಇದೆ. ಊದಬೇಡ, ಒಣಗಿದ ಬಟ್ಟೆಯಲ್ಲಿ ಉಜ್ಜಬೇಡ, ಬ್ಯಾಗಲ್ಲಿ ಮುಚ್ಚಿಡಬೇಡ ಅನ್ನೋದೆಲ್ಲ ಯಾರೋ ದುಡ್ಡು ಕಳ್ಕೊಂಡು ಕಲಿತ ಪಾಠ. ನಾನು ಓದಿದ್ದು ಬಿ.ಕಾಂ. ಹಾಗಾಗಿ ದುಡ್ಡು ಕಳ್ಕೊಂಡ ಕಥೆ ಅಂದ್ರೆ ನನಗೆ ಕಿವಿ ನೆಟ್ಟಗಾಗುತ್ತೆ. ಅಕೌಂಟ್ಸ್‌ನಲ್ಲಿ ಡಿಪ್ರಿಸಿಯೇಷನ್‌ಗೆ ಕನ್ನಡದಲ್ಲಿ 'ಸವಕಳಿ' ಅಂತೀವಿ. ಲೆಡ್ಜರ್‌ನಲ್ಲಿ ಅದು ಬರೀ ಒಂದು ಅಂಕಿ, ಲೆನ್ಸ್ ವಿಷಯದಲ್ಲಿ ಮಾತ್ರ ನಿಜವಾಗಲೂ ಸವೆಯೋದೇ.

ಗಾಜಿನಿಂದ ಶುರು ಮಾಡೋಣ.

1890ರ ದಶಕದಲ್ಲಿ ಇಂಗ್ಲೆಂಡ್‌ನಲ್ಲಿ ಡೆನ್ನಿಸ್ ಟೇಲರ್ ಅನ್ನೋ ಲೆನ್ಸ್ ತಜ್ಞ ಒಂದು ವಿಚಿತ್ರ ಗಮನಿಸಿದ. ವರ್ಷಗಟ್ಟಲೆ ಗಾಳಿಗೆ ತೆರೆದುಕೊಂಡು ಬಣ್ಣಗೆಟ್ಟ ಹಳೇ ಲೆನ್ಸ್‌ಗಳು ಹೊಸ ಲೆನ್ಸ್‌ಗಿಂತ ಹೆಚ್ಚು ಬೆಳಕನ್ನ ಒಳಗೆ ಬಿಡ್ತಿದ್ವು. ನಾವಾಗಿದ್ದರೆ ಏನು ಮಾಡ್ತಿದ್ವಿ? 'ಥೂ, ಕಲೆ ಆಗಿದೆ' ಅಂತ ತಿಕ್ಕಿ ಹೊಳಪು ಮಾಡ್ತಿದ್ವಿ. ಆತ ತಿಕ್ಕಲಿಲ್ಲ, ಯೋಚನೆ ಮಾಡಿದ. ಗಾಜಿನ ಮೇಲೆ ಬಿದ್ದ ಬೆಳಕಿನ ಒಂದಿಷ್ಟು ಪಾಲು ಕನ್ನಡಿ ಥರ ವಾಪಸ್ ಹೋಗುತ್ತೆ. ಗಾಜಿನ ಮೇಲ್ಮೈಯಲ್ಲಿ ತೆಳುವಾದ ಬೇರೊಂದು ಪದರ ಇದ್ದರೆ ಆ ವಾಪಸಾತಿ ಕಡಿಮೆ ಆಗುತ್ತೆ. ಹಳೇ ಲೆನ್ಸ್ ಮೇಲೆ ಕಾಲವೇ ಆ ಪದರ ಬಳಿದಿತ್ತು. 1935ರಲ್ಲಿ ಜರ್ಮನಿಯ ಜೈಸ್ ಕಂಪನಿಯ ಅಲೆಕ್ಸಾಂಡರ್ ಸ್ಮಾಕುಲ ಇದೇ ಕೆಲಸವನ್ನ ಕೃತಕವಾಗಿ ಮಾಡೋ ವಿಧಾನ ಕಂಡುಹಿಡಿದ. ನಿಮ್ಮ ಲೆನ್ಸನ್ನ ಓರೆ ಹಿಡಿದಾಗ ನೇರಳೆ, ಹಸಿರು ಬಣ್ಣ ಮಿನುಗುತ್ತಲ್ಲ, ಅದು ಈ ಕೋಟಿಂಗ್. ಜರ್ಮನ್ ಸೇನೆ ಇದನ್ನ ಕೆಲವು ವರ್ಷ ಗುಟ್ಟಾಗಿಟ್ಟಿತ್ತು.

ಸಮಸ್ಯೆ ಏನಪ್ಪಾ ಅಂದ್ರೆ, ಶುರುವಿನ ಕಾಲದ ಕೋಟಿಂಗ್ ತುಂಬಾ ಮೆತ್ತಗಿತ್ತು. ಕೆಲವು ಲೆನ್ಸ್‌ಗಳಲ್ಲಿ ಗಾಜೇ ಮೆತ್ತಗೆ. 1930ರ ದಶಕದ ಲೈಟ್ಜ್ ಕಂಪನಿಯ ಸುಮ್ಮಾರ್ ಅನ್ನೋ ಲೆನ್ಸ್ ಇವತ್ತು ಹಳೇ ಕ್ಯಾಮೆರಾ ಸಂಗ್ರಹಿಸೋರ ಕೈಗೆ ಬಂದರೆ, ಮುಂದಿನ ಗಾಜಿನ ಮೇಲೆ ಕೂದಲೆಳೆಯಂಥ ಗೀರುಗಳು ಇರೋದೇ ಹೆಚ್ಚು. ಆ ಗೀರು ಮಾಡಿದ್ದು ಅಜಾಗರೂಕರಲ್ಲ. ಕ್ಯಾಮೆರಾನ ಪ್ರೀತಿಯಿಂದ ನೋಡ್ಕೊಂಡ, ಪ್ರತಿ ಭಾನುವಾರ ಕರ್ಚೀಫ್ ತೆಗೆದು ಒರೆಸಿದ ಯಜಮಾನರು. ಬಟ್ಟೆ ಮೆತ್ತಗೇ ಇರುತ್ತೆ. ಬಟ್ಟೆಗೂ ಗಾಜಿಗೂ ನಡುವೆ ಸಿಕ್ಕಿಕೊಂಡ ಮರಳಿನ ಕಣ ಮೆತ್ತಗಿರಲ್ಲ. ನಮ್ಮ ಬೀದಿ ಧೂಳಿನಲ್ಲಿ ಅಂಥ ಕಣಕ್ಕೆ ಬರವೂ ಇಲ್ಲ.

ಅದಕ್ಕೇ ಮೊದಲು ಗಾಳಿ, ಆಮೇಲೆ ಬ್ರಷ್, ಕೊನೆಗೆ ಬಟ್ಟೆ ಅನ್ನೋ ಕ್ರಮ ಬಂದಿದ್ದು. ಗಾಳಿ ಅಂದ್ರೆ ರಬ್ಬರ್ ಬ್ಲೋವರ್, ಬಾಯಿಂದ ಊದೋದಲ್ಲ. ಬಾಯಿಂದ ಊದಿದರೆ ಉಗುಳಿನ ಹನಿ ಹೋಗಿ ಕೂರುತ್ತೆ. ಕಂಪ್ಯೂಟರ್ ಅಂಗಡಿಯಲ್ಲಿ ಸಿಗೋ ಒತ್ತಿದ ಗಾಳಿಯ ಡಬ್ಬಿಯೂ ಬೇಡ. ಅದರಿಂದ ಕೆಲವೊಮ್ಮೆ ಗಾಳಿ ಜೊತೆ ದ್ರವವೂ ಚಿಮ್ಮಿ ಗಾಜಿನ ಮೇಲೆ ಕಲೆ ಬಿಡುತ್ತೆ.

ಬಟ್ಟೆಗೂ ಒಂದು ಇತಿಹಾಸ ಇದೆ, ಗೊತ್ತಾ? ಜಪಾನಿನ ಟೋರೇ ಅನ್ನೋ ಜವಳಿ ಕಂಪನಿಯಲ್ಲಿ ಮಿಯೋಶಿ ಒಕಾಮೊಟೊ ಅನ್ನೋ ವಿಜ್ಞಾನಿ 1970ರ ಹೊತ್ತಿಗೆ ಅತಿ ಸೂಕ್ಷ್ಮ ಎಳೆಗಳನ್ನ ತಯಾರಿಸಿದ. ಮೊದಲು ಅದು ಹೋಗಿದ್ದು ಫ್ಯಾಷನ್ ಬಟ್ಟೆಗೆ, ಮೃದು ಚರ್ಮದ ಹಾಗೆ ಕಾಣೋ ಕೃತಕ ಬಟ್ಟೆಗೆ. ಎಳೆ ಸಣ್ಣದಾದಷ್ಟೂ ಜಿಡ್ಡನ್ನ ಹೀರಿ ಹಿಡಿಯುತ್ತೆ ಅನ್ನೋದು ಆಮೇಲೆ ಉಪಯೋಗಕ್ಕೆ ಬಂತು. ಕನ್ನಡಕದ ಅಂಗಡಿಯವರು ಫ್ರೀ ಕೊಡ್ತಾರಲ್ಲ, ಆ ಮೈಕ್ರೋಫೈಬರ್ ಬಟ್ಟೆಯ ಪೂರ್ವಜ ಇದೇ. ಅದನ್ನ ಒಗೆಯಬೇಕು ಅನ್ನೋದು ಮಾತ್ರ ಎಷ್ಟೋ ಜನಕ್ಕೆ ನೆನಪೇ ಇರಲ್ಲ. ಒಗೀದೆ ವರ್ಷಗಟ್ಟಲೆ ಬ್ಯಾಗಲ್ಲಿ ಬಿದ್ದಿರೋ ಬಟ್ಟೆ ಧೂಳಿನ ಬ್ಯಾಂಕ್ ಇದ್ದ ಹಾಗೆ. ಬಡ್ಡಿ ಸಮೇತ ವಾಪಸ್ ಕೊಡುತ್ತೆ.

ಇಲ್ಲೀವರೆಗೂ ಹೇಳಿದ್ದು ಹೊರಗಿನ ಗಾಜಿನ ಕಥೆ. ಒಳಗೆ ಬೆಳೆಯೋ ಶತ್ರು ಬೇರೆ ಇದೆ. ಮಳೆಗಾಲದಲ್ಲಿ ಚಪ್ಪಲಿ, ಬೆಲ್ಟು, ಉಪ್ಪಿನಕಾಯಿ ಮೇಲೆ ಬರೋ ಬೂಷ್ಟು. ಕ್ಯಾಮೆರಾದವರ ಭಾಷೆಯಲ್ಲಿ ಫಂಗಸ್.

ಫಂಗಸ್ ದೊಡ್ಡ ಸುದ್ದಿಯಾಗಿದ್ದು ಎರಡನೇ ಮಹಾಯುದ್ಧದಲ್ಲಿ. 1942-43ರಲ್ಲಿ ಆಸ್ಟ್ರೇಲಿಯಾ ಮತ್ತು ಅಮೆರಿಕದ ಸೈನಿಕರು ನ್ಯೂ ಗಿನಿಯ ಕಾಡುಗಳಲ್ಲಿ ಜಪಾನಿನ ವಿರುದ್ಧ ಹೋರಾಡ್ತಿದ್ದರು. ಅಲ್ಲಿನ ಮಳೆ, ಸೆಕೆ, ಒದ್ದೆ ಗಾಳಿ ನಮ್ಮ ಮಲೆನಾಡಿನವರಿಗೆ ಹೇಳಿಕೊಡಬೇಕಿಲ್ಲ. ಬೈನಾಕ್ಯುಲರ್‌ಗಳ ಒಳಗೆ, ಫಿರಂಗಿಯ ಗುರಿ ನೋಡೋ ಸಾಧನಗಳ ಒಳಗೆ ಜೇಡರ ಬಲೆ ಥರ ಬೂಷ್ಟು ಹಬ್ಬತೊಡಗಿತು. ತಣ್ಣನೆ ದೇಶದ ಕಾರ್ಖಾನೆಯಲ್ಲಿ ತಯಾರಾದ ಸಾಮಾನು ವಾರಗಳಲ್ಲೇ ಮಬ್ಬಾಗ್ತಿತ್ತು. ಶತ್ರು ಎಲ್ಲಿದ್ದಾನೆ ಅಂತ ನೋಡೋ ಸಾಧನದಲ್ಲೇ ಏನೂ ಕಾಣದೇ ಹೋದರೆ ಅದು ಪ್ರಾಣದ ಪ್ರಶ್ನೆ. ಮೆಲ್ಬರ್ನ್ ವಿಶ್ವವಿದ್ಯಾಲಯದ ಸಸ್ಯವಿಜ್ಞಾನಿ ಜಾನ್ ಟರ್ನರ್ ಈ ಸಮಸ್ಯೆ ಮೇಲೆ ಕೆಲಸ ಮಾಡಿದ. ಸಸ್ಯವಿಜ್ಞಾನಿ ಯಾಕೆ ಅಂದ್ರೆ ಫಂಗಸ್ ಆಗ ಅವರ ಇಲಾಖೆಯ ವಿಷಯ. ಪಾದರಸ ಇರುವ ರಾಸಾಯನಿಕವನ್ನ ಸಾಧನದ ಒಳಗೆ ಬಳಿದು ಅದನ್ನ ತಡೆಯೋ ದಾರಿ ಹುಡುಕಿದರು. ಯುದ್ಧಕಾಲದ ಮದ್ದು ಅದು, ಮನೆಯಲ್ಲಿ ಯಾರೂ ಆ ದಾರಿಗೆ ಹೋಗೋದು ಬೇಡ.

ಅವತ್ತು ಕಲಿತದ್ದು ಇವತ್ತಿಗೂ ಅಷ್ಟೇ ಸತ್ಯ. ಫಂಗಸ್ ಗಾಜನ್ನ ತಿನ್ನಲ್ಲ. ಗಾಜಿನ ಮೇಲಿರೋ ಧೂಳು, ಬೆರಳಿನ ಜಿಡ್ಡು, ಎಣ್ಣೆಯ ತೆಳು ಪದರ, ಇವೇ ಅದಕ್ಕೆ ಊಟ. ತಿಂದು ಅದು ಬಿಡೋ ಆಮ್ಲ ಕೋಟಿಂಗನ್ನ, ಬಿಟ್ಟರೆ ಗಾಜನ್ನೂ ಕೊರೆಯುತ್ತೆ. ಬೇಗ ಗಮನಿಸಿ ಬಿಚ್ಚಿ ಒರೆಸಿದರೆ ಲೆನ್ಸ್ ಉಳಿಯುತ್ತೆ. ತಡ ಮಾಡಿದರೆ ಬೂಷ್ಟು ಹೋದರೂ ಅದರ ಹೆಜ್ಜೆಗುರುತು ಶಾಶ್ವತ.

ತೀರ್ಥಹಳ್ಳಿ ಕಡೆಯ ನನ್ನ ಸ್ನೇಹಿತನೊಬ್ಬ ಮದುವೆ ಫೋಟೊಗ್ರಾಫರ್. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂತು. ಬುಕ್ ಆಗಿದ್ದ ಮದುವೆಗಳೆಲ್ಲ ಒಂದೊಂದಾಗಿ ಮುಂದಕ್ಕೆ ಹೋದವು, ಕೆಲವು ಹತ್ತು ಜನರ ನಡುವೆ ದೇವಸ್ಥಾನದಲ್ಲಿ ಮುಗಿದುಹೋದವು. ಫೋಟೊಗ್ರಾಫರ್ ಬೇಕಾಗಿದ್ದವರು ಯಾರೂ ಇರಲಿಲ್ಲ. ಬ್ಯಾಗನ್ನ ಗಾಡ್ರೇಜ್ ಬೀರುವಿನಲ್ಲಿ ಸೀರೆಗಳ ಪಕ್ಕ ಇಟ್ಟು ಬೀಗ ಹಾಕಿದ. ಜೋಪಾನವಾಗಿರಲಿ ಅಂತಲೇ ಇಟ್ಟಿದ್ದು. ಅದರ ಮೇಲೆ ಒಂದಿಡೀ ಮಲೆನಾಡಿನ ಮಳೆಗಾಲ ಕಳೀತು. ದಸರಾ ಆದ ಮೇಲೆ ಮೊದಲ ಆರ್ಡರ್ ಬಂತು ಅಂತ ಖುಷಿಯಿಂದ ಬ್ಯಾಗ್ ತೆಗೆದು, ಝೂಮ್ ಲೆನ್ಸನ್ನ ಬೆಳಕಿಗೆ ಹಿಡಿದರೆ ಒಳಗೆ ಬಿಳೀ ನೂಲಿನ ಬಲೆ. ಆ ಲೆನ್ಸಿನ ಇಎಂಐ ಇನ್ನೂ ಮುಗಿದಿರಲಿಲ್ಲ.

ಬಿಚ್ಚಿಸಿ ಕ್ಲೀನ್ ಮಾಡಿಸಿದ. ಮಾಮೂಲಿ ಬೆಳಕಿನಲ್ಲಿ ಫೋಟೊ ಚೆನ್ನಾಗೇ ಬರುತ್ತೆ. ಆದರೆ ಮಂಟಪದ ಹಿಂದಿನ ಲೈಟು ಲೆನ್ಸಿಗೆ ನೇರ ಬಿದ್ದಾಗ ಇಡೀ ಚಿತ್ರ ಹಾಲು ಚೆಲ್ಲಿದ ಹಾಗೆ ಮಬ್ಬಾಗುತ್ತೆ. "ಏನೋ ಇದು, ಫೋಟೊ ಎಲ್ಲಾ ಮಂಜು ಮಂಜು" ಅಂತ ಹುಡುಗಿಯ ಸೋದರಮಾವ ಕೇಳಿದಾಗ, "ಅದು ಸಿನಿಮಾ ಎಫೆಕ್ಟ್ ಮಾವ" ಅಂದುಬಿಟ್ಟನಂತೆ. ಇದನ್ನ ಹೇಳಿ ಅವನು ನಕ್ಕ, ನಾನೂ ನಕ್ಕೆ. ಆದರೆ ಆ ಲೆನ್ಸನ್ನ ಮಾರೋಕೆ ಹೋದಾಗ ಸಿಕ್ಕ ಬೆಲೆಯಲ್ಲಿ ನಗು ಬರೋ ಅಂಥದ್ದೇನೂ ಇರಲಿಲ್ಲ. ಕೊಳ್ಳೋರು ಮೊಬೈಲ್ ಟಾರ್ಚ್ ಹಾಕಿ ಹಿಂದಿನಿಂದ ನೋಡ್ತಾರೆ, ಅಷ್ಟೇ, ಎಲ್ಲಾ ಗೊತ್ತಾಗುತ್ತೆ. ನೀವು ಸೆಕೆಂಡ್ ಹ್ಯಾಂಡ್ ಲೆನ್ಸ್ ತಗೊಳೋವಾಗಲೂ ಹಾಗೇ ನೋಡಿ.

ಬೀಗ ಹಾಕಿಡೋದು ಕಳ್ಳರಿಂದ ಕಾಪಾಡುತ್ತೆ, ಗಾಳಿಯ ತೇವದಿಂದ ಅಲ್ಲ. ಕತ್ತಲೆ, ಗಾಳಿಯಾಡದ ಜಾಗ, ಬಟ್ಟೆ, ಚರ್ಮದ ಕೇಸು, ಫಂಗಸ್ಸಿಗೆ ಇದಕ್ಕಿಂತ ಒಳ್ಳೆ ಬಾಡಿಗೆ ಮನೆ ಇಲ್ಲ. ಗಾಳಿಯಲ್ಲಿನ ತೇವಾಂಶ ನೂರಕ್ಕೆ 70 ದಾಟಿದರೆ ಅದು ಚೆನ್ನಾಗಿ ಬೆಳೆಯುತ್ತೆ. 40ರಿಂದ 50ರ ಒಳಗೆ ಇಟ್ಟರೆ ಕ್ಯಾಮೆರಾ ಕ್ಷೇಮ. ಅದಕ್ಕಿಂತ ತೀರಾ ಕಡಿಮೆ ಮಾಡಿದರೆ ರಬ್ಬರು, ಗ್ರೀಸು ಒಣಗೋ ಭಯ ಇರುತ್ತೆ.

ಇದಕ್ಕೆ ಮನೆಯಲ್ಲಿ ಬೇಕಾಗಿರೋದು ಗಾಳಿ ಹೋಗದ ಮುಚ್ಚಳದ ಪ್ಲಾಸ್ಟಿಕ್ ಡಬ್ಬ, ಸಿಲಿಕಾ ಜೆಲ್, ತೇವ ಅಳೆಯೋ ಒಂದು ಪುಟ್ಟ ಮೀಟರ್. ಸಿಲಿಕಾ ಜೆಲ್ ಕೂಡ ಯುದ್ಧದ ಕೂಸೇ. ಮೊದಲ ಮಹಾಯುದ್ಧದಲ್ಲಿ ವಿಷಾನಿಲದ ಮುಖವಾಡಗಳಿಗೆ ಅದನ್ನ ಬಳಸಿದ್ದರು. ಅದನ್ನ ತಯಾರಿಸೋ ವಿಧಾನಕ್ಕೆ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ವಾಲ್ಟರ್ ಪ್ಯಾಟ್ರಿಕ್ 1919ರಲ್ಲಿ ಪೇಟೆಂಟ್ ಪಡೆದ. ಹೊಸ ಶೂ ಡಬ್ಬದಲ್ಲಿ ಸಿಗೋ ಪುಟ್ಟ ಪೊಟ್ಟಣ ಅದೇ, ಆದರೆ ಆ ಒಂದು ಪೊಟ್ಟಣ ಕ್ಯಾಮೆರಾ ಡಬ್ಬಕ್ಕೆ ಸಾಲಲ್ಲ. ಬಣ್ಣ ಬದಲಾಗೋ ಕಾಳು ತಗೊಂಡರೆ ಯಾವಾಗ ತೇವ ತುಂಬಿತು ಅಂತ ಗೊತ್ತಾಗುತ್ತೆ, ಬಿಸಿ ಮಾಡಿ ಮತ್ತೆ ಬಳಸಬಹುದು. ನೀಲಿ ಕಾಳಿಗೆ ಬಣ್ಣ ಕೊಡೋದು ಕೋಬಾಲ್ಟ್ ಕ್ಲೋರೈಡ್ ಅನ್ನೋ ವಿಷಕಾರಿ ವಸ್ತು, ಹಾಗಾಗಿ ಅಮ್ಮನ ಬಾಣಲೆಗೆ ಹಾಕಬೇಡಿ. ಬೇರೆ ಪಾತ್ರೆ ಇಟ್ಟುಕೊಳ್ಳಿ, ಇಲ್ಲಾ ಕಿತ್ತಳೆ ಬಣ್ಣದ್ದು ತಗೊಳ್ಳಿ. ಡಬ್ಬದಲ್ಲಿ ಅಕ್ಕಿ ಹಾಕಿಡೋ ಉಪಾಯ ಕೇಳಿರ್ತೀರ. ಅಕ್ಕಿಯಲ್ಲಿ ಹಿಟ್ಟಿನ ಧೂಳಿರುತ್ತೆ. ಬೇಡ.

ಇಷ್ಟೆಲ್ಲ ಫಿಲ್ಮ್ ಕಾಲಕ್ಕೂ ಅನ್ವಯಿಸುತ್ತೆ. ಡಿಜಿಟಲ್ ಬಂದ ಮೇಲೆ ಒಂದು ಹೊಸ ತಲೆನೋವು ಹುಟ್ಟಿಕೊಂಡಿತು. ನನಗೆ ಈ ಇಡೀ ಇತಿಹಾಸದಲ್ಲಿ ತುಂಬಾ ಇಷ್ಟವಾದ ತಿರುವು ಇದೇ.

ಫಿಲ್ಮ್ ಕ್ಯಾಮೆರಾದಲ್ಲಿ ಪ್ರತಿ ಫೋಟೊಗೂ ಹೊಸ ಜಾಗ. ಒಂದು ಫ್ರೇಮಿನ ಮೇಲೆ ಧೂಳು ಕೂತರೆ, ರೀಲು ಸುತ್ತಿದಾಗ ಆ ಧೂಳು ಆ ಫ್ರೇಮಿನ ಜೊತೆಗೇ ಮುಂದೆ ಹೋಗ್ತಿತ್ತು. ಕ್ಯಾಮೆರಾ ತನ್ನಷ್ಟಕ್ಕೆ ಚೊಕ್ಕಟವಾಗ್ತಿತ್ತು. ಪ್ರಿಂಟ್ ಹಾಕೋವಾಗ ನೆಗೆಟಿವ್ ಮೇಲೆ ಧೂಳಿದ್ದರೆ ಫೋಟೊದಲ್ಲಿ ಬಿಳಿ ಚುಕ್ಕೆ ಬರ್ತಿತ್ತು. ಸ್ಟುಡಿಯೊದಲ್ಲಿ ಕೂತ ಕಲಾವಿದರು ಸಣ್ಣ ಬ್ರಷ್‌ನಿಂದ ಆ ಚುಕ್ಕೆ ತುಂಬ್ತಿದ್ದರು. ಅಂದ್ರೆ ಧೂಳಿನ ಲೆಕ್ಕ ನೋಡ್ಕೊಳ್ಳೋಕೆ ಸ್ಟುಡಿಯೊ ಇತ್ತು. ಗಿರಾಕಿಗೆ ಅದರ ಸುದ್ದಿಯೇ ಇರಲಿಲ್ಲ.

1969ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ವಿಲ್ಲರ್ಡ್ ಬಾಯ್ಲ್ ಮತ್ತು ಜಾರ್ಜ್ ಸ್ಮಿತ್ ಸಿಸಿಡಿ ಅನ್ನೋ ಚಿಪ್ ರೂಪಿಸಿದರು. 2009ರಲ್ಲಿ ಅದಕ್ಕೆ ನೊಬೆಲ್ ಬಂತು. 1975ರಲ್ಲಿ ಕೊಡಾಕ್‌ನ ಯುವ ಎಂಜಿನಿಯರ್ ಸ್ಟೀವನ್ ಸ್ಯಾಸನ್ ಅಂಥದ್ದೊಂದು ಚಿಪ್ ಹಾಕಿ ಡಿಜಿಟಲ್ ಕ್ಯಾಮೆರಾ ಜೋಡಿಸಿದ. ತೂಕ ಸುಮಾರು 3.6 ಕಿಲೊ, ಅಗಲಕ್ಕೆ 100, ಎತ್ತರಕ್ಕೆ 100 ಪಿಕ್ಸೆಲ್. ಒಂದು ಚಿತ್ರ ಕ್ಯಾಸೆಟ್ ಟೇಪಿಗೆ ಇಳಿಯೋಕೆ 23 ಸೆಕೆಂಡ್. ಈ ಕಥೆ ನಿಮಗೆ ಗೊತ್ತಿರುತ್ತೆ, ಕೊಡಾಕ್ ಮುಳುಗಿದ ಕಥೆ ಹೇಳೋರೆಲ್ಲ ಇಲ್ಲಿಂದಲೇ ಶುರು ಮಾಡ್ತಾರೆ. ನಮಗೆ ಇಲ್ಲಿ ಬೇಕಾದ್ದು ಬೇರೆ. ಫಿಲ್ಮ್ ಹೋಗಿ ಸೆನ್ಸರ್ ಬಂದಾಗ, ಚಿತ್ರ ಮೂಡೋ ಜಾಗ ಒಂದೇ ಕಡೆ ಶಾಶ್ವತವಾಗಿ ನಿಂತುಬಿಟ್ಟಿತು. ಅದರ ಮೇಲೆ ಕೂತ ಧೂಳು ಎಲ್ಲೂ ಹೋಗಲ್ಲ. ಇವತ್ತಿನ ಫೋಟೊದಲ್ಲೂ ಅದೇ ಚುಕ್ಕೆ, ಮುಂದಿನ ತಿಂಗಳ ಫೋಟೊದಲ್ಲೂ ಅದೇ ಜಾಗದಲ್ಲಿ ಅದೇ ಚುಕ್ಕೆ.

1991ರಲ್ಲಿ ಕೊಡಾಕ್ ನಿಕಾನ್ ಎಫ್3 ಕ್ಯಾಮೆರಾಗೆ ಸೆನ್ಸರ್ ಜೋಡಿಸಿ ಮಾರಿದಾಗ ಬೆಲೆ ಸುಮಾರು 20,000 ಡಾಲರ್. ಕೊಂಡುಕೊಂಡಿದ್ದು ಸುದ್ದಿ ಸಂಸ್ಥೆಯಂಥ ದೊಡ್ಡವರು. 2003ರಲ್ಲಿ ಕ್ಯಾನನ್ 300ಡಿ 1,000 ಡಾಲರ್‌ಗಿಂತ ಕಡಿಮೆಗೆ ಬಂತು. ಲೆನ್ಸ್ ಬಿಚ್ಚಿ ಹಾಕೋ ಡಿಜಿಟಲ್ ಕ್ಯಾಮೆರಾ ಸಾಮಾನ್ಯರ ಮನೆಗೆ ಬಂತು, ಜೊತೆಗೆ ಧೂಳಿನ ಜವಾಬ್ದಾರಿಯೂ ಬಂತು. ಕಂಪನಿಗಳ ಕೈಪಿಡಿ ಹೇಳ್ತಿದ್ದದ್ದು ಇಷ್ಟೇ: ಬ್ಲೋವರ್‌ನಿಂದ ಗಾಳಿ ಹಾಕಿ, ಹೋಗದಿದ್ದರೆ ಸರ್ವಿಸ್ ಸೆಂಟರ್‌ಗೆ ತನ್ನಿ, ಮುಟ್ಟಬೇಡಿ. ಸರ್ವಿಸ್ ಸೆಂಟರ್ ದೂರ, ಖರ್ಚು ಬೇರೆ. ಆದ್ದರಿಂದ ಜನ ತಾವೇ ದಾರಿ ಹುಡುಕಿದರು. ಚಪ್ಪಟೆ ಕಡ್ಡಿಗೆ ನಾರು ಬಿಡದ ಬಟ್ಟೆ ಸುತ್ತಿ, ಶುದ್ಧ ಮೆಥನಾಲ್‌ನ ಒಂದೆರಡು ಹನಿ ಹಾಕಿ ಒಂದೇ ಸಲ ಎಳೆಯೋ ವಿಧಾನ ಹೀಗೆ ಹಬ್ಬಿತು. ಇವತ್ತು ಅದೇ ಸ್ವಾಬ್ ಅಂತ ಪ್ಯಾಕೆಟ್‌ನಲ್ಲಿ ಸಿಗುತ್ತೆ. ಇಲ್ಲೊಂದು ಸಮಾಧಾನದ ವಿಷಯ: ನೀವು ಒರೆಸೋದು ನೇರವಾಗಿ ಸೆನ್ಸರನ್ನಲ್ಲ, ಅದರ ಮೇಲಿರೋ ಫಿಲ್ಟರ್ ಗಾಜನ್ನ.

ಅದೇ 2003ರಲ್ಲಿ ಒಲಿಂಪಸ್ ಇ-1 ಅನ್ನೋ ಕ್ಯಾಮೆರಾ ಬಂತು. ಸೆನ್ಸರಿನ ಮುಂದೆ ತೆಳು ಗಾಜು, ಆನ್ ಮಾಡಿದಾಗ ಅದು ಕಿವಿಗೆ ಕೇಳದಷ್ಟು ವೇಗದಲ್ಲಿ ನಡುಗಿ ಧೂಳು ಕೊಡವುತ್ತೆ, ಕೆಳಗೆ ಅಂಟಿನ ಪಟ್ಟಿ ಅದನ್ನ ಹಿಡಿದುಕೊಳ್ಳುತ್ತೆ. ಎಮ್ಮೆ ಮೈ ಕೊಡವಿದ ಹಾಗೆ. 2006-07ರ ಹೊತ್ತಿಗೆ ಕ್ಯಾನನ್, ಸೋನಿ, ನಿಕಾನ್ ಎಲ್ಲರೂ ತಮ್ಮದೇ ಉಪಾಯ ತಂದರು. ಒಣ ಧೂಳಿಗೆ ಇದು ಸಾಕು. ಜಿಡ್ಡಿಗೆ ಸಾಲಲ್ಲ.

ಜಿಡ್ಡಿನ ಕಥೆಗೆ ಹೀರೊ ನಿಕಾನ್ ಡಿ600. 2012ರ ಸೆಪ್ಟೆಂಬರ್‌ನಲ್ಲಿ ಬಂದ ಫುಲ್ ಫ್ರೇಮ್ ಕ್ಯಾಮೆರಾ, ಒಳ್ಳೆ ಹೆಸರು. ಕೆಲವೇ ವಾರಗಳಲ್ಲಿ ಕೊಂಡವರು ದೂರೋಕೆ ಶುರು ಮಾಡಿದರು. ಫೋಟೊದ ಮೇಲಿನ ಎಡಮೂಲೆಯಲ್ಲಿ ಚುಕ್ಕೆಗಳ ಗುಂಪು. ಒರೆಸಿದರೆ ಹೋಗ್ತಿತ್ತು, ಕೆಲವು ನೂರು ಫೋಟೊ ತೆಗೆದ ಮೇಲೆ ವಾಪಸ್. ಲೆನ್ಸನ್ನೇ ಬಿಚ್ಚದವರ ಕ್ಯಾಮೆರಾದಲ್ಲೂ ಬಂತು. ಹಾಗಾದರೆ ಧೂಳು ಹೊರಗಿನದಲ್ಲ, ಕ್ಯಾಮೆರಾ ಒಳಗಿಂದಲೇ ಬರ್ತಿದೆ ಅನ್ನೋ ಅನುಮಾನ ಬಲವಾಯ್ತು. 2013ರ ಫೆಬ್ರವರಿಯಲ್ಲಿ ಕಂಪನಿ ಕೊಟ್ಟ ಸೂಚನೆಯ ಸಾರ: ಮೊದಲು ಬ್ಲೋವರ್‌ನಿಂದ ನೀವೇ ಕ್ಲೀನ್ ಮಾಡಿ, ಹೋಗದಿದ್ದರೆ ಸರ್ವಿಸ್‌ಗೆ ತನ್ನಿ. ಅದೇ ಅಕ್ಟೋಬರ್‌ನಲ್ಲಿ ಡಿ610 ಬಂತು, ಬಹುತೇಕ ಅದೇ ಕ್ಯಾಮೆರಾ, ಶಟರ್ ಮಾತ್ರ ಹೊಸದು. ಡಿ600 ಇಟ್ಟುಕೊಂಡವರ ಹೊಟ್ಟೆ ಎಷ್ಟು ಉರಿದಿರಬೇಕು ಯೋಚನೆ ಮಾಡಿ. ಒಂದೇ ವರ್ಷದಲ್ಲಿ ಅವರ ಕ್ಯಾಮೆರಾದ ಮರುಮಾರಾಟದ ಬೆಲೆಗೆ ಮಸಿ ಬಳಿದ ಹಾಗಾಯ್ತು. 2014ರ ಮಾರ್ಚ್ 15ರಂದು, ವಿಶ್ವ ಗ್ರಾಹಕ ಹಕ್ಕುಗಳ ದಿನ, ಚೀನಾದ ಸರ್ಕಾರಿ ಟಿವಿ ಈ ದೂರನ್ನ ದೊಡ್ಡದಾಗಿ ಪ್ರಸಾರ ಮಾಡಿತು. ಅಲ್ಲಿನ ಅಧಿಕಾರಿಗಳು ಡಿ600 ಮಾರಾಟ ನಿಲ್ಲಿಸೋಕೆ ಹೇಳಿದರು. ವಾರಂಟಿ ಮುಗಿದವರಿಗೂ ಶಟರ್ ಉಚಿತವಾಗಿ ಬದಲಿಸಿಕೊಡೋದಾಗಿ ನಿಕಾನ್ ಒಪ್ಪಿಕೊಂಡಿದ್ದು ಆ ವರ್ಷದಲ್ಲೇ.

'ನೀವೇ ಕ್ಲೀನ್ ಮಾಡ್ಕೊಳ್ಳಿ' ಅನ್ನೋ ಮಾತಿಗೆ ಎರಡು ಮುಖ ಇದೆ ಅಂತ ನನಗೆ ಅನ್ನಿಸಿದ್ದು ಈ ಪ್ರಕರಣ ಓದಿದ ಮೇಲೆ. ಮನೆಯಲ್ಲಿ ಕ್ಲೀನ್ ಮಾಡೋ ಕಲೆ ಗೊತ್ತಿರಬೇಕು ನಿಜ. ಯಾವುದು ನಮ್ಮ ಮನೆ ಧೂಳು, ಯಾವುದು ಕಂಪನಿಯ ದೋಷ ಅಂತ ತಿಳಿಯೋಕೂ ಅದೇ ಕಲೆ ಬೇಕು. ಒರೆಸಿ, ದಿನಾಂಕ ಬರೆದಿಟ್ಟು, ಲೆನ್ಸ್ ಬಿಚ್ಚದೆ ಫೋಟೊ ತೆಗೆದು, ಚುಕ್ಕೆ ಮತ್ತೆ ಬಂತಾ ಅಂತ ನೋಡಿದ ಬಳಕೆದಾರರಿಂದಲೇ ಅಲ್ಲಿ ಸತ್ಯ ಹೊರಗೆ ಬಂದಿದ್ದು. ಲೆಕ್ಕ ಇಟ್ಟವನಿಗೇ ದೂರು ಕೊಡೋಕೆ ಧೈರ್ಯ ಬರೋದು. ಬಿ.ಕಾಂ ಮಾತು ಅಂದ್ಕೊಳ್ಳಿ ಬೇಕಾದ್ರೆ.

ಈಗ ಮಿರರ್‌ಲೆಸ್ ಕಾಲ. ಲೆನ್ಸ್ ಬಿಚ್ಚಿದರೆ ಸೆನ್ಸರ್ ನೇರವಾಗಿ ಗಾಳಿಗೆ. 2018ರ ಕ್ಯಾನನ್ ಇಒಎಸ್ ಆರ್ ಕ್ಯಾಮೆರಾ ಆಫ್ ಮಾಡಿದಾಗ ಶಟರ್ ಬಾಗಿಲು ಹಾಕಿಕೊಳ್ಳುತ್ತೆ, ಎಲ್ಲ ಕ್ಯಾಮೆರಾಗಳೂ ಹಾಗಲ್ಲ. ಜಾತ್ರೆ ಧೂಳಿನಲ್ಲಿ ಲೆನ್ಸ್ ಬದಲಾಯಿಸಲೇಬೇಕಾದರೆ ಆಫ್ ಮಾಡಿ, ಕ್ಯಾಮೆರಾ ಬಾಯಿ ನೆಲದ ಕಡೆ ಮಾಡಿ, ಬೇಗ ಮುಗಿಸಿ.

ನಿಮ್ಮ ಕ್ಯಾಮೆರಾ ಪರೀಕ್ಷೆ ಮಾಡೋದು ಹೇಗೆ ಅಂತ ಹೇಳಿ ನಿಲ್ಲಿಸ್ತೀನಿ. ಅಪರ್ಚರನ್ನ ಎಫ್ 16 ಅಥವಾ 22ಕ್ಕೆ ಇಡಿ. ದ್ವಾರ ಸಣ್ಣದಾದಷ್ಟೂ ಧೂಳಿನ ನೆರಳು ಚೂಪಾಗುತ್ತೆ, ಎಫ್ 2.8ರಲ್ಲಿ ಅದು ಕರಗಿಹೋಗುತ್ತೆ. ಮ್ಯಾನ್ಯುಯಲ್ ಫೋಕಸ್‌ಗೆ ಹಾಕಿ, ಬೇಕಂತಲೇ ಫೋಕಸ್ ತಪ್ಪಿಸಿ, ಬಿಳೀ ಗೋಡೆಯದ್ದೋ ಮೋಡ ಮುಚ್ಚಿದ ಆಕಾಶದ್ದೋ ಒಂದು ಫೋಟೊ ತೆಗೆದು ದೊಡ್ಡದು ಮಾಡಿ ನೋಡಿ. ಬೂದು ಚುಕ್ಕೆ ಇಲ್ಲ ಅಂದ್ರೆ ಮುಚ್ಚಳ ಹಾಕಿ ಎತ್ತಿಡಿ, ಏನೂ ಮಾಡಬೇಡಿ. ಚುಕ್ಕೆ ಇದ್ದರೆ ಬ್ಯಾಟರಿ ಫುಲ್ ಚಾರ್ಜ್ ಮಾಡಿ. ಅರ್ಧದಲ್ಲಿ ಬ್ಯಾಟರಿ ಸತ್ತರೆ ಒಳಗಿನ ಕನ್ನಡಿ, ಶಟರ್ ನಿಮ್ಮ ಕಡ್ಡಿ ಮೇಲೇ ಬೀಳುತ್ತೆ. ಮೆನುವಿನಲ್ಲಿ ಸೆನ್ಸರ್ ಕ್ಲೀನಿಂಗ್ ಆರಿಸಿ, ಬಾಯಿ ಕೆಳಗೆ ಮಾಡಿ ಬ್ಲೋವರ್ ಒತ್ತಿ, ಬ್ಲೋವರಿನ ತುದಿ ಒಳಗೆ ತೂರಿಸಬೇಡಿ. ಮತ್ತೆ ಪರೀಕ್ಷೆ ಮಾಡಿ. ಹಟ ಹಿಡಿದು ಕೂತ ಚುಕ್ಕೆಗೆ ಮಾತ್ರ ಸ್ವಾಬ್, ಅದೂ ನಿಮ್ಮ ಸೆನ್ಸರಿನ ಅಳತೆಯದ್ದು, ಒಂದು ಸ್ವಾಬ್ ಒಂದೇ ಸಲಕ್ಕೆ. ಚುಕ್ಕೆ ಹುಡುಕೋವಾಗ ಒಂದು ವಿಷಯ ನೆನಪಿರಲಿ: ಲೆನ್ಸ್ ಚಿತ್ರವನ್ನ ತಲೆಕೆಳಗು ಮಾಡುತ್ತೆ. ಫೋಟೊದಲ್ಲಿ ಮೇಲಿನ ಎಡಮೂಲೆಯಲ್ಲಿ ಕಂಡ ಧೂಳು, ನೀವು ಎದುರಿನಿಂದ ಕ್ಯಾಮೆರಾ ಒಳಗೆ ಇಣುಕಿದಾಗ ಕೆಳಗಿನ ಎಡಮೂಲೆಯಲ್ಲಿ ಇರುತ್ತೆ.